1861ರ ಸ್ಕಾಟ್‌ಲೆಂಡ್ ಜನಗಣತಿ: ಕೂಲಿಯವನ ಒಂದೇ ಕೋಣೆ ಮನೆಯಲ್ಲಿ ಆಳು ಯಾಕೆ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನನ್ನ ಗಂಡ ಸ್ಕಾಟ್‌ಲೆಂಡಿನವರು, ನಾವಿರೋದು ಎಡಿನ್‌ಬರದಲ್ಲಿ. ಮಗಳಿಗೆ ಎರಡೂ ಕಡೆಯ ವಂಶವೃಕ್ಷ ಬರೆಯುವ ಹುಚ್ಚು ಹಿಡಿದಿದೆ. ನಮ್ಮ ಕಡೆಯದನ್ನು ನಮ್ಮಮ್ಮ ಫೋನಿನಲ್ಲೇ ಹೇಳಿ ಮುಗಿಸಿದರು. ಅತ್ತೆಯ ಕಡೆಯದಕ್ಕೆ 1861ರ ಜನಗಣತಿಯ ಒಂದು ಪುಟ ಸಿಕ್ಕಿದೆ. ಓದಿದಷ್ಟೂ ಗೊಂದಲ ಜಾಸ್ತಿಯಾಗ್ತಿದೆ. ಇಲ್ಲಿ ಹಳೇ ದಾಖಲೆ ಓದುವವರು ಇದ್ದೀರಲ್ವಾ, ಸ್ವಲ್ಪ ನೋಡಿ.

ಊರು ಮೋರ್‌ಬ್ಯಾಟಲ್ ಪ್ಯಾರಿಷ್ (ಒಂದು ಚರ್ಚಿಗೆ ಸೇರಿದ ಊರುಗಳ ಸೀಮೆ), ರಾಕ್ಸ್‌ಬರಷೈರ್. ಇಂಗ್ಲೆಂಡ್ ಗಡಿಯ ಹತ್ತಿರ, ಚೆವಿಯಟ್ ಗುಡ್ಡಗಳ ಬುಡ. ಹೆಸರು ಹಾಕುವುದಿಲ್ಲ, ಅತ್ತೆಗೆ ಇಷ್ಟ ಇಲ್ಲ. ಪುಟದಲ್ಲಿ ಇರೋದು ಇಷ್ಟು:

ಯಜಮಾನ, 36, ನೇಗಿಲು ಹೊಡೆಯುವ ಆಳು, ಹುಟ್ಟಿದ್ದು ಯೆಟ್‌ಹೋಮ್
ಹೆಂಡತಿ, 34, ಹೌನಮ್
ಮಗಳು, 10, ಶಾಲೆಗೆ ಹೋಗುತ್ತಾಳೆ, ಲಿಂಟನ್
ಮಗ, 8, ಶಾಲೆಗೆ ಹೋಗುತ್ತಾನೆ, ಸ್ಪ್ರೌಸ್ಟನ್
ಮಗ, 6, ಎಕ್‌ಫರ್ಡ್
ಮಗಳು, 3, ಹೌನಮ್
ಮಗ, 8 ತಿಂಗಳು, ಮೋರ್‌ಬ್ಯಾಟಲ್
ಹೆಂಡತಿಯ ತಾಯಿ, 67, ವಿಧವೆ, ಹೌನಮ್
ಆಳು, 18, ಮದುವೆಯಾಗದ ಹುಡುಗಿ, ಹೊಲಗೆಲಸ, ಕೋಲ್ಡ್‌ಸ್ಟ್ರೀಮ್

ಕೊನೆಯ ಕಾಲಮ್ಮಿನಲ್ಲಿ, ಕಿಟಕಿ ಇರುವ ಕೋಣೆಗಳು: 1.

ಬೇರೆಯವರ ಹೊಲ ಉಳುವವನು, ಒಂದೇ ಕೋಣೆ, ಒಂಬತ್ತು ಜನ. ಅದರೊಳಗೆ ಸಂಬಳದ ಆಳು ಬೇರೆ! ಐದು ಮಕ್ಕಳು ಐದು ಊರಲ್ಲಿ ಹುಟ್ಟಿದ್ದಾರೆ. ಸಾಲಗಾರರಿಂದ ತಪ್ಪಿಸಿಕೊಂಡು ಓಡಾಡ್ತಿದ್ರಾ? ಇನ್ನು ಸರ್ಕಾರಕ್ಕೆ ಇವರ ಕಿಟಕಿ ಲೆಕ್ಕ ಯಾಕೆ ಬೇಕಿತ್ತು?

ಮಂಡ್ಯಹೈದ

ಬಾಣಂತನಕ್ಕೆ ಇಟ್ಕೊಂಡಿರ್ತಾರೆ ಬಿಡಿ ಮೇಡಂ. 8 ತಿಂಗಳ ಕೂಸು ಇದೆಯಲ್ಲ.

ತುಂಗಾತೀರ

ಅದಕ್ಕೆ ಅವಳ ತಾಯಿ ಮನೆಯಲ್ಲೇ ಇದ್ದಾರಲ್ಲ. ಅದೂ ಅಲ್ಲದೆ ಹುಡುಗಿಯ ಕೆಲಸ ಹೊಲದ್ದು ಅಂತ ಬರೆದಿದ್ದಾರೆ, ಮನೆಯದ್ದಲ್ಲ.

ಹಳೇಕಡತ

ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ ಮೇಡಂ. ಆ ಹುಡುಗಿಯೇ ಈ ಪುಟದ ಬೀಗದ ಕೈ.

ಆಗ ಗಡಿಸೀಮೆಯ ದೊಡ್ಡ ಜಮೀನುಗಳಲ್ಲಿ ಒಂದು ಪದ್ಧತಿ ಇತ್ತು. ಮದುವೆಯಾದ ನೇಗಿಲಾಳನ್ನು ಅಲ್ಲಿ ಹೈಂಡ್ ಅನ್ನುತ್ತಿದ್ದರು. ರೈತ ಅವನನ್ನು ಒಂದು ವರ್ಷಕ್ಕೆ ಗೊತ್ತು ಮಾಡಿಕೊಳ್ಳುವಾಗ ಅವನೊಬ್ಬನನ್ನೇ ತೆಗೆದುಕೊಳ್ಳುತ್ತಿರಲಿಲ್ಲ. ಹೊಲಗೆಲಸಕ್ಕೆ ಕರೆದಾಗೆಲ್ಲ ಬರುವ ಒಬ್ಬ ಹೆಂಗಸನ್ನೂ ಅವನೇ ಒದಗಿಸಬೇಕಿತ್ತು. ಅವಳಿಗೆ ಬಾಂಡೇಜರ್ ಅಂತ ಹೆಸರು. ಮನೆಯಲ್ಲಿ ಬೆಳೆದ ಮಗಳೋ ತಂಗಿಯೋ ಇದ್ದರೆ ಸರಿ, ಇಲ್ಲದಿದ್ದರೆ ಹೊರಗಿನ ಹುಡುಗಿಯನ್ನು ಸಂಬಳಕ್ಕೆ ಇಟ್ಟುಕೊಳ್ಳಬೇಕು. ನಿಮ್ಮ ಪುಟದಲ್ಲಿ ದೊಡ್ಡ ಮಗಳಿಗೆ ಇನ್ನೂ 10. ಹಾಗಾಗಿ ಕೋಲ್ಡ್‌ಸ್ಟ್ರೀಮಿನ ಹುಡುಗಿ ಬಂದಿದ್ದಾಳೆ.

ಇದರಲ್ಲಿ ಹೈಂಡ್‌ಗೆ ಆಗುತ್ತಿದ್ದ ನಷ್ಟ ನೋಡಿ. ಅವಳು ಕೆಲಸ ಮಾಡಿದ ದಿನಕ್ಕೆ ಮಾತ್ರ ರೈತ ಕೂಲಿ ಕೊಡುತ್ತಿದ್ದ. ಮಳೆ ಬಂತು, ಹಿಮ ಬಿತ್ತು, ಕೆಲಸ ಇಲ್ಲ ಅಂದರೆ ಕಾಸಿಲ್ಲ. ಆದರೆ ವರ್ಷವಿಡೀ ಅವಳ ಊಟ, ಹಾಸಿಗೆ, ಒಪ್ಪಿದ ಸಂಬಳ, ಎಲ್ಲ ಹೈಂಡ್ ತಲೆಯ ಮೇಲೆ. ಜನಗಣತಿಯಲ್ಲಿ "ಆಳು" ಅಂತ ಕಂಡರೆ ಅನುಕೂಲಸ್ಥರು ಅಂದುಕೊಳ್ಳುವುದು ಸಹಜ. ಇಲ್ಲಿ ಅದು ಬಡವನ ಮೇಲಿದ್ದ ಒಂದು ಹೊರೆ, ಅಷ್ಟೇ.

ಅವಳ ಕೆಲಸ ಏನು ಅಂದರೆ ಟರ್ನಿಪ್ ಸಾಲಿನಲ್ಲಿ ಸಸಿ ತೆಳುವು ಮಾಡುವುದು, ಚಳಿಗಾಲದಲ್ಲಿ ಅದೇ ಟರ್ನಿಪ್ ಕಿತ್ತು ಬೇರು ಸೊಪ್ಪು ಕತ್ತರಿಸುವುದು, ಗೊಬ್ಬರ ಹರಡುವುದು, ಕಲ್ಲು ಆಯುವುದು, ಕೊಯ್ಲು, ಒಕ್ಕಣೆ. ತಲೆಗೆ ಕಟ್ಟಿದ ವಸ್ತ್ರದ ಮೇಲೆ ಅಗಲ ಅಂಚಿನ ಹುಲ್ಲಿನ ಟೋಪಿ, ಪಟ್ಟೆಪಟ್ಟೆಯ ದಪ್ಪ ಲಂಗ, ಗಟ್ಟಿ ಬೂಟು. ಈ ಉಡುಪು 20ನೇ ಶತಮಾನದವರೆಗೂ ಅಲ್ಲಿ ಉಳಿದಿತ್ತು, ಫೋಟೋಗಳಿವೆ.

ಕುಂಟೆಬಿಲ್ಲೆ

ಅಂದ್ರೆ ಇದು ಜೀತ. ನಮ್ಮ ಕಡೆ ಮಾಡಿದ್ರೆ ಅನಾಗರಿಕ, ಅವರ ಕಡೆ ಮಾಡಿದ್ರೆ ಪದ್ಧತಿ. ಚೆನ್ನಾಗಿದೆ.

ಹಳೇಕಡತ

ಸಿಟ್ಟು ಅರ್ಥವಾಗುತ್ತದೆ, ಆದರೆ ನಾನು ಒಪ್ಪುವುದಿಲ್ಲ. ಜೀತದಲ್ಲಿ ಸಾಲ ಇರುತ್ತದೆ. ತೀರದ ಸಾಲ, ಅಪ್ಪನಿಂದ ಮಗನಿಗೆ. ಇಲ್ಲಿ ಸಾಲ ಇಲ್ಲ, ಒಂದು ವರ್ಷದ ಮಾತು. ಮೇ ಕೊನೆಗೆ ಅವಧಿ ಮುಗಿದರೆ ಹೈಂಡ್ ಬೇರೆ ಜಮೀನಿಗೆ ಹೋಗಬಹುದು, ಹುಡುಗಿ ಬೇರೆ ಮನೆಗೆ ಹೋಗಬಹುದು. ಹೋಗುತ್ತಲೂ ಇದ್ದರು.

ಹಾಗಂತ ಅದು ಹಿತವಾಗಿತ್ತು ಅಂತಲ್ಲ. ಹೈಂಡ್‌ಗಳೇ ಇದನ್ನು ದ್ವೇಷಿಸುತ್ತಿದ್ದರು. 1860ರ ದಶಕದಲ್ಲಿ ಈ ಷರತ್ತಿನ ವಿರುದ್ಧ ಗಟ್ಟಿಯಾಗಿಯೇ ದನಿ ಎತ್ತಿದರು. ಆಮೇಲೆ ನಿಧಾನಕ್ಕೆ ಸಡಿಲವಾಯಿತು.

ಕುಂಟೆಬಿಲ್ಲೆ

ಸರಿ, ಜೀತ ಅಲ್ಲ ಅನ್ನೋಣ. ಆದರೆ ಆ 18ರ ಹುಡುಗಿಯ ಮಾತು ಯಾರೂ ಆಡ್ತಿಲ್ಲ. ರೈತನಿಗೆ ಲೆಕ್ಕ, ಹೈಂಡ್‌ಗೆ ನಷ್ಟ. ಅಪರಿಚಿತರ ಒಂದೇ ಕೋಣೆಯಲ್ಲಿ ಮಲಗಬೇಕಾದವಳು ಅವಳು ತಾನೇ?

ತುಂಗಾತೀರ

ನನಗೂ ಅದೇ ಕಾಡಿದ್ದು. ಒಂದೇ ಕೋಣೆಯಲ್ಲಿ ಒಂಬತ್ತು ಜನ ಹೇಗೆ ಮಲಗ್ತಿದ್ರು?

ಬಿಸಿಬೇಳೆ ಅಬರ್ಡೀನ್

ಪೆಟ್ಟಿಗೆ ಮಂಚ ಅಂತ ಇರುತ್ತಿತ್ತು. ನಾನು ಇಲ್ಲಿನ ಹಳ್ಳಿ ಮ್ಯೂಸಿಯಮ್ಮಿನಲ್ಲಿ ನೋಡಿದ್ದೇನೆ. ಮೂರೂ ಕಡೆ ಹಲಗೆ, ಮೇಲೆ ಹಲಗೆಯ ಮುಚ್ಚಳ, ಎದುರಿಗೆ ಜಾರುವ ಬಾಗಿಲು ಇಲ್ಲವೇ ಪರದೆ. ಥೇಟ್ ನಮ್ಮ ಗೋಡೆ ಬೀರು ಒಳಗೆ ಹಾಸಿಗೆ ಹಾಕಿದ ಹಾಗೆ. ಎರಡು ಮಂಚಗಳನ್ನು ಕೋಣೆಗೆ ಅಡ್ಡಲಾಗಿ ಇಟ್ಟರೆ ಅದೇ ಗೋಡೆ. ಮುಂದೆ ಒಲೆ, ಊಟದ ಜಾಗ. ಹಿಂದೆ ಸಂದಿಯಷ್ಟು ಕತ್ತಲೆ ಜಾಗ, ಅಲ್ಲಿ ಕಾಳಿನ ಪೆಟ್ಟಿಗೆ, ಹಾಲಿನ ಪಾತ್ರೆ. ಒಂದು ಮಂಚದಲ್ಲಿ ಗಂಡ ಹೆಂಡತಿ ಕೂಸು, ಇನ್ನೊಂದರಲ್ಲಿ ಅಜ್ಜಿ, ಆಳು ಹುಡುಗಿ, ಹೆಣ್ಣುಮಕ್ಕಳು. ಗಂಡು ಹುಡುಗರು ಅಟ್ಟದಲ್ಲೋ ನೆಲದ ಮೇಲೋ. ನಿಮ್ಮ ಮನೆಯಲ್ಲೂ ಹೆಚ್ಚುಕಡಿಮೆ ಹೀಗೇ ಇದ್ದಿರಬೇಕು.

ಮಂಚದ ಬಾಗಿಲು ಮುಚ್ಚಿದರೆ ಬೆಚ್ಚಗೇನೋ ಇರುತ್ತದೆ. ಮನೆಯಲ್ಲಿ ಒಬ್ಬರಿಗೆ ಕ್ಷಯ ಬಂದರೆ ಮುಗೀತು.

ಹಳೇಕಡತ

ಕಿಟಕಿ ಪ್ರಶ್ನೆಗೆ ಬರುತ್ತೇನೆ. 1855ರಲ್ಲಿ ಸ್ಕಾಟ್‌ಲೆಂಡಿನಲ್ಲಿ ಜನನ, ಮರಣ, ಮದುವೆ ನೋಂದಣಿ ಕಡ್ಡಾಯವಾಯಿತು. ಅದನ್ನು ನೋಡಿಕೊಳ್ಳಲು ಎಡಿನ್‌ಬರದಲ್ಲೇ ಪ್ರತ್ಯೇಕ ರಿಜಿಸ್ಟ್ರಾರ್ ಜನರಲ್ ಬಂದರು. ಹಾಗಾಗಿ 1861ರ ಗಣತಿಯನ್ನು ಅವರು ಲಂಡನ್ ಕೈಯಿಂದ ತಾವೇ ತೆಗೆದುಕೊಂಡರು. ಆಗ ಸೇರಿಸಿದ್ದೇ ಈ ಕಾಲಮ್ಮು. ಕಿಟಕಿ ಇರುವ ಕೋಣೆ ಎಷ್ಟು? ಇಂಗ್ಲೆಂಡಿನ ಪುಟಗಳಲ್ಲಿ ಇದು ಇಲ್ಲ. ಕೂಲಿಯವರ ಮನೆಗಳ ಸ್ಥಿತಿ ಬಗ್ಗೆ ಜೇಮ್ಸ್ ಬೆಗ್ ಅನ್ನುವ ಫ್ರೀ ಚರ್ಚ್ ಪಾದ್ರಿ ಬಿಡದೆ ಒತ್ತಾಯ ಮಾಡುತ್ತಿದ್ದರು, ಅದರ ಫಲ ಇದು.

ಉತ್ತರ ಬಂದಾಗ ನಾಚಿಕೆಪಡುವ ಹಾಗಿತ್ತು. ದೇಶದ ಮನೆಗಳಲ್ಲಿ ಸುಮಾರು ಮೂರನೇ ಒಂದು ಪಾಲು ಒಂದೇ ಕೋಣೆಯವು. ಅದಕ್ಕಿಂತ ಸ್ವಲ್ಪ ಜಾಸ್ತಿ ಎರಡು ಕೋಣೆಯವು. ಕಿಟಕಿಯೇ ಇಲ್ಲದವು 8,000ದ ಹತ್ತಿರ. ಅಂದರೆ ನಿಮ್ಮ ಅತ್ತೆಯ ಹಿರಿಯರು ಕಡುಬಡವರೇನಲ್ಲ, ಆ ಕಾಲದ ಸಾಮಾನ್ಯ ಜನ.

ಇನ್ನೊಂದು ಸ್ವಾರಸ್ಯ. ಟ್ವೀಡ್ ನದಿಯ ಇಂಗ್ಲೆಂಡ್ ಕಡೆಯ ದಡದಲ್ಲಿ ನೋರಮ್ ಅಂತ ಊರು. ಅಲ್ಲಿನ ಪಾದ್ರಿ ವಿಲಿಯಂ ಗಿಲ್ಲಿ 1840ರ ದಶಕದ ಆರಂಭದಲ್ಲಿ ಹೈಂಡ್‌ಗಳ ಮನೆಗಳ ಬಗ್ಗೆ ಬರೆದರು. ಅವರ ಪ್ರಕಾರ ರೈತ ಕೊಡುತ್ತಿದ್ದದ್ದು ನಾಲ್ಕು ಗೋಡೆ, ಒಂದು ಸೂರು. ಒಲೆಯ ಕಬ್ಬಿಣದ ಸರಳು, ಅಡ್ಡಹಲಗೆ, ಕಡೆಗೆ ಕಿಟಕಿಯ ಚೌಕಟ್ಟು ಕೂಡ ಹೈಂಡ್‌ನದ್ದೇ. ಮನೆ ಬಿಡುವಾಗ ಕಿಟಕಿ ಕಿತ್ತು ಗಾಡಿಗೆ ಹಾಕಿಕೊಂಡು ಹೋಗುತ್ತಿದ್ದ!

ಮಂಡ್ಯಹೈದ

ಕಿಟಕಿ ಹೊತ್ಕೊಂಡು ಮನೆ ಬದಲಾಯಿಸೋದಾ! ನಾನು ಬೆಂಗಳೂರಲ್ಲಿ ಗೀಸರ್ ಬಿಚ್ಕೊಂಡು ಹೋಗಿದ್ದಕ್ಕೆ ಓನರ್ ಬೈದಿದ್ರು.

ತುಂಗಾತೀರ

ಅಯ್ಯೋ, ಈಗ ಅರ್ಥವಾಯ್ತು. ಐದು ಮಕ್ಕಳು ಐದು ಊರು ಅಂದರೆ ಪ್ರತಿ ಸಲ ಹೊಸ ಜಮೀನು.

ಹಳೇಕಡತ

ಅದೇ. ಸಾಲಗೀಲ ಏನಿಲ್ಲ. ಮಾರ್ಚ್ ಸುಮಾರಿಗೆ ಕೆಲ್ಸೋದಂತಹ ಪೇಟೆಗಳಲ್ಲಿ ಆಳು ಗೊತ್ತು ಮಾಡುವ ಜಾತ್ರೆ ನಡೆಯುತ್ತಿತ್ತು. ರೈತರು, ಹೈಂಡ್‌ಗಳು ಬೀದಿಯಲ್ಲೇ ನಿಂತು ಮಾತಾಡಿ ಕೈ ಮೇಲೆ ಕೈ ಹಾಕುತ್ತಿದ್ದರು. ಸಂಬಳದಲ್ಲಿ ಹಣ ಕಡಿಮೆ, ಪಡಿ ಜಾಸ್ತಿ. ಓಟ್ಸ್ ಇಷ್ಟು, ಬಾರ್ಲಿ ಇಷ್ಟು, ಬಟಾಣಿ ಇಷ್ಟು, ಆಲೂಗಡ್ಡೆ ಹಾಕಲು ಇಷ್ಟು ಸಾಲು, ಒಂದು ಹಸುವಿಗೆ ಮೇವು. ಮನೆ ಬಾಡಿಗೆ ಬದಲು ಹೆಂಡತಿ ಕೊಯ್ಲಿಗೆ ಬರಬೇಕು. ಆಮೇಲೆ ಮೇ ಕೊನೆಯ ವಾರ ಇಡೀ ಸೀಮೆಯೇ ಗಂಟುಮೂಟೆ ಕಟ್ಟುತ್ತಿತ್ತು. ಸಾಮಾನು ಸಾಗಿಸಲು ಹೊಸ ರೈತ ಗಾಡಿ ಕಳಿಸುತ್ತಿದ್ದ. ಮೇಲೆ ಮಂಚ, ಅದರ ಮೇಲೆ ಅಜ್ಜಿ, ಅಜ್ಜಿಯ ತೊಡೆ ಮೇಲೆ ಕೂಸು, ಬುಟ್ಟಿಯಲ್ಲಿ ಕೋಳಿ, ಹಿಂದೆ ಹಸು.

ಈಗ ದಿನಾಂಕ ನೋಡಿ. 1861ರ ಗಣತಿ ಏಪ್ರಿಲ್ 7ರ ರಾತ್ರಿಯದು. ಜಾತ್ರೆ ಮುಗಿದಿದೆ, ಗಾಡಿ ಕಟ್ಟಲು ಇನ್ನೂ ಏಳು ವಾರ ಇದೆ. ಗಣತಿಯವನು ಮೋರ್‌ಬ್ಯಾಟಲ್ ಅಂತ ಬರೆದುಕೊಂಡು ಹೋಗುವಾಗ ಇವರು ಮುಂದಿನ ವರ್ಷಕ್ಕೆ ಬೇರೆ ಊರು ಮಾತಾಡಿಯೇ ಆಗಿರಬಹುದು! 1841ರ ಗಣತಿ ಜೂನ್ 6ರದು, ಆಗ ಹೊಸ ಮನೆಗೆ ಬಂದು ಹತ್ತೇ ದಿನ ಆಗಿರುತ್ತದೆ. ಗಡಿಸೀಮೆಯ ಕುಟುಂಬ ಹುಡುಕುವವರು ಈ ತಿಂಗಳುಗಳನ್ನು ಮರೆತರೆ ಸುಮ್ನೆ ತಪ್ಪು ಪ್ಯಾರಿಷ್ ತಡಕಾಡಬೇಕಾಗುತ್ತದೆ.

ಮಕ್ಕಳ ಹುಟ್ಟೂರುಗಳನ್ನು ನಕ್ಷೆಯಲ್ಲಿ ಗುರುತು ಹಾಕಿ. ಲಿಂಟನ್, ಸ್ಪ್ರೌಸ್ಟನ್, ಎಕ್‌ಫರ್ಡ್, ಹೌನಮ್, ಮೋರ್‌ಬ್ಯಾಟಲ್. ಎಲ್ಲ ಒಂದು ದಿನದಲ್ಲಿ ಗಾಡಿ ಹೋಗಿ ಬರುವ ದೂರ. ಬಹಳ ಓಡಾಡಿದ್ದಾರೆ, ಆದರೆ ದೂರ ಹೋಗಿಲ್ಲ.

ಕಾಫಿಗಿಡ

ಸಕಲೇಶಪುರದಿಂದ ಒಂದು ಮಾತು. ನಮ್ಮ ಮಂಜರಾಬಾದ್ ಸೀಮೆಯಲ್ಲಿ ಕಾಫಿ ಬೆಳೆದ ರಾಬರ್ಟ್ ಎಲಿಯಟ್ ಹೆಸರು ಇಲ್ಲಿ ಕೆಲವರಿಗಾದರೂ ಗೊತ್ತಿರುತ್ತದೆ. 1850ರ ದಶಕದಲ್ಲೇ ಮೈಸೂರು ಸೀಮೆಗೆ ಬಂದವರು. ಅವರ ಸ್ವಂತ ಊರು ರಾಕ್ಸ್‌ಬರಷೈರ್‌ನ ಕ್ಲಿಫ್ಟನ್ ಪಾರ್ಕ್, ಕೆಲ್ಸೋ ಹತ್ತಿರ. ಕೊನೆಗಾಲದಲ್ಲಿ ಅಲ್ಲೇ ಬೋಮಂಟ್ ಹೊಳೆಯ ಕಡೆಯ ಜಮೀನಿನಲ್ಲಿ ಹುಲ್ಲು ಬೆಳೆಸಿ ಮಣ್ಣು ಸುಧಾರಿಸುವ ಪ್ರಯೋಗ ಮಾಡಿದರು. ತುಂಗಾತೀರ ಅವರ ಹಿರಿಯರ ಯೆಟ್‌ಹೋಮ್ ಇರುವುದು ಅದೇ ಬೋಮಂಟ್ ದಡದಲ್ಲಿ.

ಇವರು ಅವರ ಜಮೀನಿನಲ್ಲೇ ದುಡಿದರು ಅಂತ ನಾನು ಹೇಳುತ್ತಿಲ್ಲ. ಆದರೆ ಅಲ್ಲಿ ಹೈಂಡ್‌ಗಳು ಕಿಟಕಿ ಕಿತ್ತುಕೊಂಡು ಓಡಾಡುತ್ತಿದ್ದ ಕಾಲದಲ್ಲೇ ಆ ಸೀಮೆಯ ಜಮೀನ್ದಾರ ಮನೆಯವರೊಬ್ಬರು ಇಲ್ಲಿ ನಮ್ಮವರನ್ನು ಇಟ್ಟುಕೊಂಡು ತೋಟ ಮಾಡಿಸುತ್ತಿದ್ದರು. ಇಲ್ಲಿನ ಆಳುಗಳನ್ನು ನೋಡುವಾಗ ಅಲ್ಲಿನ ಆಳುಗಳು ಅವರಿಗೆ ನೆನಪಾಗುತ್ತಿದ್ದರೋ ಏನೋ.

ಕುಂಟೆಬಿಲ್ಲೆ

ಯೆಟ್‌ಹೋಮ್ ಅಂದ್ರೆ ಜಿಪ್ಸಿಗಳ ಊರು ತಾನೇ? ಅಲ್ಲಿ ಜಿಪ್ಸಿ ರಾಣಿ ಇದ್ದರು ಅಂತ ಓದಿದ್ದೆ. ಈ ಯಜಮಾನ ಆ ಪೈಕಿನಾ?

ಹಳೇಕಡತ

ರಾಣಿ ಇದ್ದದ್ದು ನಿಜ. ಎಸ್ತರ್ ಫಾ ಬ್ಲೈತ್, ಕರ್ಕ್ ಯೆಟ್‌ಹೋಮಿನವರು, ಇದೇ ಕಾಲದವರು. ಆದರೆ ಅಲ್ಲಿ ಹುಟ್ಟಿದವರೆಲ್ಲ ಜಿಪ್ಸಿಗಳಲ್ಲ. ವರ್ಷಗಟ್ಟಲೆ ನೇಗಿಲಾಳಾಗಿ ದುಡಿದವನನ್ನು ಹುಟ್ಟೂರು ನೋಡಿ ಆ ಪಟ್ಟಿಗೆ ಸೇರಿಸುವುದು ಬೇಡ. ವಂಶವೃಕ್ಷದಲ್ಲಿ ರಾಣಿ ಬೇಕು ಅನ್ನೋ ಆಸೆ ಎಲ್ಲರಿಗೂ ಇರುತ್ತದೆ ಬಿಡಿ.

ಬಿಸಿಬೇಳೆ ಅಬರ್ಡೀನ್

ನಮ್ಮ ಈಶಾನ್ಯದ ಕಡೆ ಕಥೆಯೇ ಬೇರೆ. ಅಬರ್ಡೀನ್‌ಷೈರ್, ಬ್ಯಾಂಫ್‌ಷೈರ್ ಕಡೆ ರೈತರು ಹೆಚ್ಚಾಗಿ ಮದುವೆಯಾಗದ ಹುಡುಗರನ್ನು ಆರು ತಿಂಗಳಿಗೆ ಇಟ್ಟುಕೊಳ್ಳುತ್ತಿದ್ದರು. ಅವರಿಗೆ ಕುದುರೆಲಾಯದ ಪಕ್ಕದಲ್ಲೋ ಮೇಲೋ ಒಂದು ಕೋಣೆ. ಊಟ ರೈತನ ಅಡುಗೆಮನೆಯಲ್ಲಿ. ಗಣತಿಯಲ್ಲಿ ಇವರು ರೈತನ ಮನೆಯ ಕೊನೆಯಲ್ಲಿ ಸಾಲಾಗಿ ಬರುತ್ತಾರೆ. ಸಂಸಾರ ಹೂಡಲು ಮನೆ ಸಿಗುವುದೇ ಕಷ್ಟ. ಹಾಗಾಗಿ ಮದುವೆಗೆ ಮುಂಚೆ ಮಕ್ಕಳಾಗುವುದು ಅಲ್ಲಿ ಅಪರೂಪವಲ್ಲ. 1855ರ ನೋಂದಣಿ ಶುರುವಾಗಿ ಅಂಕಿ ಅಂಶ ಹೊರಬಂದಾಗ ಎಡಿನ್‌ಬರದ ದೊಡ್ಡವರೆಲ್ಲ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಹಳ್ಳಿಯವರು ಮಾತ್ರ ಮಗುವನ್ನು ಅಜ್ಜಿ ಮನೆಯಲ್ಲಿ ಬಿಟ್ಟು ತಾಯಿಯನ್ನು ಮತ್ತೆ ಕೆಲಸಕ್ಕೆ ಕಳಿಸಿದರು. ಈ ಕಡೆಯ ಪುಟಗಳಲ್ಲಿ ಅಜ್ಜ, ಅಜ್ಜಿ, ಬೇರೆ ಮನೆತನದ ಹೆಸರಿನ ಮೊಮ್ಮಗು ಕಂಡರೆ ಬಹಳ ಸಲ ವಿಷಯ ಅದೇ.

ಪಶ್ಚಿಮದ ಕ್ರಾಫ್ಟ್, ಅಂದರೆ ಗೇಣಿಯ ತುಂಡು ಜಮೀನುಗಳ ಸೀಮೆಗೆ ಹೋದರೆ ಇನ್ನೊಂದು ತರಹ. ಗ್ಲಾಸ್ಗೋದಲ್ಲಿ ಹುಟ್ಟಿದ ಏಳೆಂಟು ವರ್ಷದ ಮಗು ದೂರದ ಹಳ್ಳಿ ಮನೆಯಲ್ಲಿ ಬೋರ್ಡರ್ ಅಂತ ಇರುತ್ತದೆ. ನೆಂಟರ ಮಗುವಲ್ಲ. ನಗರದ ಬಡವರ ನಿಧಿಯವರು ಅನಾಥ ಮಕ್ಕಳನ್ನು ಹಣ ಕೊಟ್ಟು ಹಳ್ಳಿಯವರ ಹತ್ತಿರ ಬೆಳೆಯಲು ಬಿಡುತ್ತಿದ್ದರು.

ತುಂಗಾತೀರ

ಹಳೇಕಡತ ಸರ್, 1871ರ ಪುಟ ತೆಗೆಸಿದೆ. ಈಗ ರಾಕ್ಸ್‌ಬರ ಪ್ಯಾರಿಷ್. ಅಜ್ಜಿ ಇಲ್ಲ. ಮಧ್ಯೆ ಒಂದು ಹೆಣ್ಣುಮಗು ಹುಟ್ಟಿದೆ, ಅದಕ್ಕೀಗ 7. ದೊಡ್ಡ ಮಗ 18, ನೇಗಿಲಾಳು. ಕಿಟಕಿ ಇರುವ ಕೋಣೆ ಎರಡು. ಮುಖ್ಯ ವಿಷಯ ಏನು ಗೊತ್ತಾ? ಆಳು ಇಲ್ಲ! ದೊಡ್ಡ ಮಗಳಿಗೆ 20, ಅವಳ ಮುಂದೆ ಹೊಲಗೆಲಸ ಅಂತ ಬರೆದಿದ್ದಾರೆ. ಹತ್ತು ವರ್ಷದ ಹಿಂದೆ ಕೋಲ್ಡ್‌ಸ್ಟ್ರೀಮಿನ ಹುಡುಗಿ ಮುಂದೆ ಇದ್ದದ್ದೂ ಇದೇ.

ಅವಳಿಗೆ ಸಂಬಳ ಪ್ರತ್ಯೇಕ ಸಿಗ್ತಿತ್ತಾ, ಅಪ್ಪನ ಕೈಗೆ ಹೋಗ್ತಿತ್ತಾ?

ಹಳೇಕಡತ

ಇದಕ್ಕಿಂತ ಚೆನ್ನಾದ ಸಾಕ್ಷಿ ಬೇಡ. ಮಗಳ ದಿನಗೂಲಿ ಸಾಮಾನ್ಯವಾಗಿ ಮನೆಯ ಗಂಟಿಗೇ. ಹೆಣ್ಣುಮಕ್ಕಳು ಬೆಳೆದಷ್ಟೂ ಹೈಂಡ್‌ಗೆ ಜಾತ್ರೆಯಲ್ಲಿ ಬೆಲೆ ಜಾಸ್ತಿ. ದುಡಿಯುವ ಮೂರು ನಾಲ್ಕು ಕೈ ಇರುವ ಕುಟುಂಬ ಅಂದರೆ ರೈತರು ಒಳ್ಳೆಯ ಮನೆಯನ್ನೇ ಕೊಡುತ್ತಿದ್ದರು. ಎರಡನೇ ಕಿಟಕಿ ಬಂದದ್ದು ಹಾಗಿರಬಹುದು.

ಅಜ್ಜಿ ಇಲ್ಲ ಅಂದಿರಲ್ಲ, ಅಲ್ಲೇ ನಿಮ್ಮ ನಿಧಿ ಇದೆ. 1861ರಿಂದ 1871ರ ಒಳಗೆ ತೀರಿಕೊಂಡಿದ್ದರೆ ಸರ್ಕಾರಿ ಮರಣ ನೋಂದಣಿ ಇರಲೇಬೇಕು. ಸ್ಕಾಟ್‌ಲೆಂಡಿನ ಮರಣ ದಾಖಲೆಯಲ್ಲಿ ಸತ್ತವರ ತಂದೆ ತಾಯಿ ಇಬ್ಬರ ಹೆಸರೂ ಕೇಳುತ್ತಾರೆ, ತಾಯಿಯ ತವರಿನ ಹೆಸರು ಸಮೇತ. ಅಜ್ಜಿ ಹುಟ್ಟಿದ್ದು 1794ರ ಆಸುಪಾಸು. ಅವರ ಅಪ್ಪ ಅಮ್ಮನ ಹೆಸರು ಸಿಕ್ಕರೆ ಮಗಳ ವೃಕ್ಷ ಒಂದೇ ನೆಗೆತಕ್ಕೆ 18ನೇ ಶತಮಾನಕ್ಕೆ ಹೋಗುತ್ತದೆ. ಹುಡುಕುವಾಗ ಗಂಡನ ಹೆಸರು, ತವರಿನ ಹೆಸರು ಎರಡರಲ್ಲೂ ನೋಡಿ. ಅಲ್ಲಿ ಹೆಂಗಸರು ಮದುವೆಯಾದ ಮೇಲೂ ದಾಖಲೆಯಲ್ಲಿ ತವರಿನ ಹೆಸರು ಬಿಡುತ್ತಿರಲಿಲ್ಲ.

ಹೆಸರಿಡುವ ರೂಢಿಯೂ ನೆರವಿಗೆ ಬರುತ್ತದೆ. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನದು. ಮೊದಲ ಮಗಳಿಗೆ ಅಮ್ಮನ ಅಮ್ಮನ ಹೆಸರು. ಎಲ್ಲರೂ ಪಾಲಿಸಿಲ್ಲ, ಆದರೆ ಹುಡುಕಾಟ ಶುರು ಮಾಡೋಕೆ ಸಾಕು. ನಿಮ್ಮ ಪುಟದಲ್ಲಿ ದೊಡ್ಡ ಮಗಳ ಹೆಸರೂ ಅಜ್ಜಿಯ ಹೆಸರೂ ಒಂದೇನಾ?

ತುಂಗಾತೀರ

ಒಂದೇ! ಇಷ್ಟು ದಿನ ಬರೆಯುವವನು ಎರಡು ಸಲ ಬರೆದಿದ್ದಾನೆ ಅಂದುಕೊಂಡಿದ್ದೆ.

ಮಂಡ್ಯಹೈದ

ನಮ್ಮಲ್ಲೂ ತಾತನ ಹೆಸರು ಮೊಮ್ಮಗನಿಗೆ. ಒಂದೇ ಮನೆಯಲ್ಲಿ ಮೂರು ಜನ ಸಿದ್ದೇಗೌಡರು ಇದ್ದು, ಪಹಣಿ ಮಾಡಿಸುವಾಗ ಪಟ್ಟ ಕಷ್ಟ ನನಗೇ ಗೊತ್ತು. ಅದಿರ್ಲಿ, ಇದೆಲ್ಲ ನೋಡೋಕೆ ದುಡ್ಡು ಕಟ್ಟಬೇಕಾ?

ಬಿಸಿಬೇಳೆ ಅಬರ್ಡೀನ್

ಸ್ಕಾಟ್‌ಲೆಂಡ್ಸ್ ಪೀಪಲ್ ಅಂತ ಸರ್ಕಾರದ್ದೇ ಜಾಲತಾಣ ಇದೆ. ಹೆಸರು ಹಾಕಿ ಹುಡುಕೋದು ಉಚಿತ, ಮೂಲ ಪುಟದ ಚಿತ್ರ ಬೇಕಾದರೆ ಕ್ರೆಡಿಟ್ ಕೊಳ್ಳಬೇಕು. ಫ್ರೀಸೆನ್ ಅನ್ನೋ ಇನ್ನೊಂದು ಜಾಲತಾಣದಲ್ಲಿ ಸ್ವಯಂಸೇವಕರು ಟೈಪ್ ಮಾಡಿದ ಕೆಲವು ಜಿಲ್ಲೆ, ಕೆಲವು ವರ್ಷ ಪುಕ್ಕಟೆ ಸಿಗುತ್ತದೆ. ಅದು ನಕಲು, ತಪ್ಪುಗಳಿರುತ್ತವೆ. ಸರ್ಕಾರಿ ಪುಟವೂ ಒಂದರ್ಥದಲ್ಲಿ ನಕಲೇ. ಮನೆಮನೆಗೆ ಕೊಟ್ಟ ಚೀಟಿಯಿಂದ ಗಣತಿಯವನು ತನ್ನ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದ. ಆ ಚೀಟಿಗಳು ಈಗ ಇಲ್ಲ. ಬರೆಯಲು ಬಾರದ ಮನೆಗಳಲ್ಲಿ ಅವನೇ ಕೇಳಿ ತುಂಬುತ್ತಿದ್ದ. ಬಹಳ ಕಡೆ ಊರಿನ ಮೇಷ್ಟ್ರೇ ಗಣತಿಯವರು.

ಹಳೇಕಡತ

1841ಕ್ಕೆ ಹೋಗುವವರು ಎಚ್ಚರ. ಆ ವರ್ಷ 15 ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಬೇಕು ಅಂತ ಸೂಚನೆ ಇತ್ತು. 39 ಇದ್ದವರು 35 ಆಗಿರುತ್ತಾರೆ. ಯಜಮಾನನಿಗೆ ಏನಾಗಬೇಕು ಅನ್ನುವ ಕಾಲಮ್ಮೇ ಇಲ್ಲ. ಹುಟ್ಟೂರಿನ ಬದಲು ಇದೇ ಜಿಲ್ಲೆಯಾ, ಅಲ್ಲವಾ ಅಂತ ಮಾತ್ರ. ನಿಮ್ಮ ಯಜಮಾನನಿಗೆ ಆಗ 16 ಇರಬೇಕು, 15 ಅಂತಲೇ ಹುಡುಕಿ.

ತುಂಗಾತೀರ

1881 ಕೂಡ ಸಿಕ್ಕಿತು. ಗಾಲಾಶೀಲ್ಸ್! ಹಳ್ಳಿ ಬಿಟ್ಟು ಪೇಟೆಗೆ ಬಂದಿದ್ದಾರೆ. ಅಪ್ಪನಿಗೆ 56, ಕೂಲಿ. ಚಿಕ್ಕ ಹೆಣ್ಣುಮಕ್ಕಳಿಬ್ಬರೂ ಉಣ್ಣೆ ಗಿರಣಿಯಲ್ಲಿ. ದೊಡ್ಡ ಮಗಳು, ಗಂಡುಮಕ್ಕಳು ಪುಟದಲ್ಲಿ ಇಲ್ಲ. ದೊಡ್ಡ ಮಗ ಎಲ್ಲಿಯೂ ಸಿಗುತ್ತಿಲ್ಲ.

ಹಳೇಕಡತ

ಗಾಲಾಶೀಲ್ಸ್ ಅಂದರೆ ಟ್ವೀಡ್ ಅನ್ನುವ ಉಣ್ಣೆ ಬಟ್ಟೆಯ ಊರು. ಟರ್ನಿಪ್ ಹೊಲದ ಚಳಿಗಿಂತ ಗಿರಣಿ ಸೂರು ವಾಸಿ ಅಂತ ಎಷ್ಟೋ ಹುಡುಗಿಯರು ಹಾಗೆ ಹೋದರು. ಹೊಲಕ್ಕೆ ಹೆಂಗಸರು ಸಿಗದೆ ರೈತರು ಗೊಣಗಿದರು.

ದೊಡ್ಡ ಮಗನನ್ನು ನಾರ್ತಂಬರ್‌ಲೆಂಡಿನಲ್ಲಿ ನೋಡಿ. ಗಡಿ ಆಚೆಯೂ ಹೈಂಡ್ ಕೆಲಸ ಇತ್ತು, ಕಲ್ಲಿದ್ದಲು ಗಣಿಗಳೂ ಇದ್ದವು. ಗಡಿ ದಾಟಿದರೆ ಅದು ಇಂಗ್ಲೆಂಡ್ ಗಣತಿ, ಸ್ಕಾಟ್‌ಲೆಂಡ್ಸ್ ಪೀಪಲ್‌ನಲ್ಲಿ ಸಿಗುವುದಿಲ್ಲ. ಅಲ್ಲಿನ ಪುಟದಲ್ಲಿ ಹುಟ್ಟೂರು ಬರೀ ಸ್ಕಾಟ್‌ಲೆಂಡ್ ಅಂತ ಇದ್ದುಬಿಡುವ ಸಾಧ್ಯತೆ ಜಾಸ್ತಿ. ವಯಸ್ಸು 28, ಹೆಸರು ತಂದೆಯ ಅಪ್ಪನದು ಅಂತ ಹಿಡಿದು ವೂಲರ್, ಕರ್ಕ್‌ನ್ಯೂಟನ್ ಕಡೆಯಿಂದ ಶುರು ಮಾಡಿ.